ಮನೆಯಿಂದಲೇ ಆನ್‌ಲೈನ್ ಅಂಗಡಿ: ಖಾತೆಯಿಂದ ಆರಂಭಿಸುವ ಕ್ರಮ

ಆನ್‌ಲೈನ್ ಅಂಗಡಿ ತೆರೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹೆಸರು ಹುಡುಕುತ್ತಾರೆ, ಲೋಗೊ ಮಾಡಿಸುತ್ತಾರೆ, ಜಾಲತಾಣಕ್ಕೆ ಯಾವ ಬಣ್ಣ ಒಪ್ಪುತ್ತದೆಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚರ್ಚಿಸುತ್ತಾರೆ. ಇವೆಲ್ಲ ಬೇಕಾದವೇ, ಆದರೆ ಮೊದಲಿಗೆ ಬೇಕಾದವಲ್ಲ. ಅಂಗಡಿಯ ಪುಟವನ್ನು ಒಂದೆರಡು ಸಂಜೆಯಲ್ಲಿ ಸಿದ್ಧಪಡಿಸಬಹುದು; ಗ್ರಾಹಕರು ಕೊಟ್ಟ ಹಣ ಯಾವ ಹೆಸರಿನ ಯಾವ ಖಾತೆಗೆ, ಯಾವ ಲೆಕ್ಕದಡಿ ಬಂದು ಸೇರಬೇಕೆಂಬುದನ್ನು ಇತ್ಯರ್ಥ ಮಾಡಿಕೊಳ್ಳುವುದಕ್ಕೆ ವಾರಗಳೇ ಹಿಡಿಯುತ್ತವೆ. ಆದ್ದರಿಂದ ಇಲ್ಲಿ ಹಣ ಬಂದು ಸೇರುವ ಕಡೆಯಿಂದ ಆರಂಭಿಸಿ, ಆಮೇಲೆ ಜಾಲತಾಣದ ವಿಷಯಕ್ಕೆ ಬರುವ ಕ್ರಮವನ್ನು ಅನುಸರಿಸಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಸವನಗುಡಿಯ ಒಂದು ಮನೆಯಲ್ಲಿ ಚಟ್ನಿಪುಡಿ, ಹುಳಿಪುಡಿ, ಹಪ್ಪಳ ತಯಾರಾಗುತ್ತವೆ ಎಂದುಕೊಳ್ಳಿ. ಈಗ ಆರ್ಡರ್‌ಗಳು ಬರುವುದು ಅಪಾರ್ಟ್‌ಮೆಂಟ್‌ಗಳ ವಾಟ್ಸ್ಆ್ಯಪ್ ಗುಂಪುಗಳಿಂದ, ಪರಿಚಯದವರ ಬಾಯಿಮಾತಿನಿಂದ. ಹಣ ಬರುವುದು ಮನೆಯೊಡತಿಯ ಫೋನ್ ಸಂಖ್ಯೆಗೆ ಯುಪಿಐ ಮೂಲಕ. ಕೊಳ್ಳುವವರೆಲ್ಲ ಮುಖಪರಿಚಯದವರಾಗಿರುವ ತನಕ ಈ ವ್ಯವಸ್ಥೆಯಲ್ಲಿ ದೋಷವೇನೂ ಇಲ್ಲ, ಅಂಥವರು ಜಾಲತಾಣಕ್ಕೆ ಹಣ ಸುರಿಯಬೇಕಾದ ಅಗತ್ಯವೂ ಇಲ್ಲ. ಪರಿಚಯವಿಲ್ಲದವರು ವೈಟ್‌ಫೀಲ್ಡ್‌ನಿಂದಲೋ ಕಲಬುರಗಿಯಿಂದಲೋ ಪುಣೆಯಿಂದಲೋ ಕೇಳತೊಡಗಿದಾಗ, ವಿಳಾಸ ಬರೆದುಕೊಳ್ಳುವುದು, ಹಣ ಬಂತೇ ಎಂದು ನೋಡುವುದು, ಬಂದದ್ದು ಯಾರದೆಂದು ಹೊಂದಿಸುವುದು ದಿನದ ಅರ್ಧ ಹೊತ್ತನ್ನು ನುಂಗತೊಡಗಿದಾಗ ಅಂಗಡಿ ಬೇಕಾಗುತ್ತದೆ.

ಮೊದಲು ಖಾತೆ ಮತ್ತು ಕಾಗದಪತ್ರ

ವ್ಯಾಪಾರದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲೇಬೇಕು. ಇದನ್ನು ಸಲಹೆಯೆಂದಲ್ಲ, ನಿಯಮವೆಂದೇ ತಿಳಿಯುವುದು ಒಳ್ಳೆಯದು. 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಹಿಂದಿನ ವರ್ಷಗಳ ಯುಪಿಐ ವಹಿವಾಟಿನ ಮೊತ್ತವನ್ನು ಆಧರಿಸಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ಖಾತೆಗೆ ಬಂದ ಒಟ್ಟು ಮೊತ್ತವೇ ಮಾರಾಟದ ಮೊತ್ತವಲ್ಲ. ಅದರಲ್ಲಿ ತಮ್ಮನಿಂದ ಮರಳಿ ಬಂದ ಕೈಗಡ, ಮಗಳು ಕಳುಹಿಸಿದ ಮನೆಖರ್ಚಿನ ಹಣ, ತೆರಿಗೆಯೇ ಇಲ್ಲದ ಸರಕಿನ ಮಾರಾಟ ಎಲ್ಲವೂ ಸೇರಿರಬಹುದು. ಆದರೆ ಅದನ್ನು ಬಿಡಿಸಿ ತೋರಿಸುವ ಹೊಣೆ ಬೀಳುವುದು ಖಾತೆದಾರರ ಮೇಲೆಯೇ. ಖಾತೆ ಬೇರೆಯಾಗಿದ್ದರೆ ಆ ಕೆಲಸ ಮೊದಲೇ ಮುಗಿದಂತೆ.

ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯುವಾಗ ವ್ಯಾಪಾರ ನಡೆಯುತ್ತಿದೆಯೆಂಬುದಕ್ಕೆ ದಾಖಲೆಗಳನ್ನು ಬ್ಯಾಂಕ್ ಕೇಳುತ್ತದೆ. ಇವುಗಳಲ್ಲಿ ಅತಿ ಸುಲಭವಾಗಿ ಸಿಗುವುದು ಸಣ್ಣ ಉದ್ದಿಮೆಗಳಿಗೆಂದು ಇರುವ ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ನಾವೇ ಮಾಡಿಕೊಳ್ಳಬಹುದು ಮತ್ತು ಅದಕ್ಕೆ ಯಾವ ಶುಲ್ಕವೂ ಇಲ್ಲ. ಹುಡುಕಾಟದಲ್ಲಿ ಮೊದಲು ಕಣ್ಣಿಗೆ ಬೀಳುವ, ಸರ್ಕಾರಿ ತಾಣದಂತೆಯೇ ವೇಷ ಹಾಕಿರುವ ಖಾಸಗಿ ತಾಣಗಳು ಇದೇ ಕೆಲಸಕ್ಕೆ ಸಾವಿರಾರು ರೂಪಾಯಿ ಕೀಳುತ್ತವೆ. ಹಣ ಕೇಳಿದ ತಾಣ ಸರ್ಕಾರದ್ದಲ್ಲ ಎಂದು ತಿಳಿದು ಅಲ್ಲಿಂದ ಹೊರಬರಬೇಕು.

ತಿನ್ನುವ ಪದಾರ್ಥ ಮಾರುವವರಿಗೆ ಇದರ ಜೊತೆಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಮನೆಯ ಅಡುಗೆಮನೆಯಲ್ಲಿ ತಯಾರಿಸುತ್ತೇವೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ವಹಿವಾಟಿನ ಗಾತ್ರ ಮತ್ತು ಮಾರಾಟದ ಬಗೆಯನ್ನು ನೋಡಿ ಸರಳ ನೋಂದಣಿ ಸಾಕೇ, ಪರವಾನಗಿ ಬೇಕೇ ಎಂಬುದು ನಿರ್ಧಾರವಾಗುತ್ತದೆ. ಅರ್ಜಿ ಹಾಕುವ ಫೊಸ್ಕೋಸ್ ಪೋರ್ಟಲ್‌ನಲ್ಲಿಯೇ ಅದನ್ನು ನೋಡಿಕೊಳ್ಳಬಹುದು. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು, ಅಂಗಡಿಯ ಪುಟದಲ್ಲಿಯೂ ತೋರಿಸಬೇಕು.

ಹೊಸೂರಿಗೆ ಹೋಗುವ ಪೊಟ್ಟಣ

ಜಿಎಸ್‌ಟಿ ವಿಷಯದಲ್ಲಿ ಎಲ್ಲರ ಬಾಯಲ್ಲೂ ಇರುವ ಸಂಖ್ಯೆ 40 ಲಕ್ಷ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು ಎಂಬುದು ಸರಿಯೇ. ಆದರೆ ಆನ್‌ಲೈನ್ ಅಂಗಡಿಗೆ ಅನ್ವಯಿಸುವ ಇನ್ನೊಂದು ನಿಯಮ ಇದರ ಬೆನ್ನಿಗೇ ಇದೆ, ಅದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ತೆರಿಗೆ ಬೀಳುವ ಸರಕನ್ನು ರಾಜ್ಯದ ಹೊರಗೆ ಮಾರುವವರು, ಕೆಲವು ಕರಕುಶಲ ವಸ್ತುಗಳಂಥ ವಿನಾಯಿತಿಗಳನ್ನು ಬಿಟ್ಟರೆ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಮಾಡಿಸಲೇಬೇಕು. ಬೆಂಗಳೂರಿನವರಿಗೆ ಇದು ದೂರದ ಮಾತಲ್ಲ. ಅತ್ತಿಬೆಲೆ ದಾಟಿದರೆ ತಮಿಳುನಾಡು. ಹೊಸೂರಿನಲ್ಲಿ ಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬರುವ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಅವರಲ್ಲೊಬ್ಬರ ಮನೆಗೆ ಕಾಲು ಕಿಲೋ ಚಟ್ನಿಪುಡಿ ಮಾರಿ ಕಳುಹಿಸಿದರೆ ಅದು ಕಾನೂನಿನ ಕಣ್ಣಿನಲ್ಲಿ ಅಂತರರಾಜ್ಯ ಮಾರಾಟ. ಬೀದರಿಗೆ ಕಳುಹಿಸಿದ ಪೊಟ್ಟಣ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದರೂ ರಾಜ್ಯದ ಒಳಗಿನ ಮಾರಾಟವೇ.

ಆದ್ದರಿಂದ ಜಿಎಸ್‌ಟಿ ನೋಂದಣಿ ಇಲ್ಲದೆ ಅಂಗಡಿ ಆರಂಭಿಸುವವರು ಜಾಲತಾಣದಲ್ಲಿ ಕರ್ನಾಟಕದ ಪಿನ್‌ಕೋಡ್‌ಗಳಿಗೆ ಮಾತ್ರ ಆರ್ಡರ್ ಸ್ವೀಕರಿಸುವ ಹಾಗೆ ಮೊದಲ ದಿನವೇ ಕಟ್ಟುಪಾಡು ಹಾಕಿಕೊಳ್ಳಬೇಕು. ಬಹುತೇಕ ಎಲ್ಲ ಅಂಗಡಿ ತಂತ್ರಾಂಶಗಳಲ್ಲಿಯೂ ಈ ಸೌಲಭ್ಯ ಇದೆ. ಹೊರರಾಜ್ಯದ ಗ್ರಾಹಕರು ಬೇಕೇ ಬೇಕೆಂದರೆ ನೋಂದಣಿ ಮಾಡಿಸಿಕೊಳ್ಳುವುದೇ ಮೇಲು. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ, ಆದರೆ ಮಾರಾಟವಾಗಲಿ ಆಗದಿರಲಿ ನಿಗದಿತ ಅವಧಿಗೆ ರಿಟರ್ನ್ ಸಲ್ಲಿಸುವ ಹೊಣೆ ಬರುತ್ತದೆ, ತಪ್ಪಿದರೆ ದಂಡ ಬೀಳುತ್ತದೆ. ಬಾಡಿಗೆ ಮನೆಯ ವಿಳಾಸ ಕೊಡುವವರು ಬಾಡಿಗೆ ಕರಾರು, ಬೆಸ್ಕಾಂ ಬಿಲ್ ಮತ್ತು ಮಾಲೀಕರ ಒಪ್ಪಿಗೆ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ವ್ಯಾಪಾರವೆಂದ ಕೂಡಲೇ ವಿದ್ಯುತ್ ದರ ವಾಣಿಜ್ಯಕ್ಕೆ ಬದಲಾದೀತೆಂದು, ಮುಂದೆ ಮನೆ ಬಿಡಿಸುವುದು ಕಷ್ಟವಾದೀತೆಂದು ಅಂಜಿ ಮಾಲೀಕರು ಪತ್ರ ಕೊಡಲು ಹಿಂಜರಿಯುವುದು ಈ ಊರಿನಲ್ಲಿ ಸಾಮಾನ್ಯ. ಈ ಮಾತುಕತೆಯನ್ನು ಅರ್ಜಿ ಹಾಕುವ ಮೊದಲೇ ಮುಗಿಸಿಕೊಂಡರೆ ನಡುವೆ ಸಿಕ್ಕಿಬೀಳುವ ಪ್ರಮೇಯ ಬರುವುದಿಲ್ಲ. ರಾಜಿ ತೆರಿಗೆ ಯೋಜನೆ, ಅಂದರೆ ಕಾಂಪೊಸಿಷನ್, ಸುಲಭವೆಂದು ಕೇಳಿ ಅದನ್ನು ಆಯ್ದುಕೊಳ್ಳುವವರು ಆ ಯೋಜನೆಯಲ್ಲಿರುವಾಗ ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ ಎಂಬುದನ್ನು ಗಮನಿಸಬೇಕು.

ಎಲ್ಲ ಸರಕಿಗೂ ಒಂದೇ ದರವಲ್ಲ ಎಂಬುದೂ ಇಲ್ಲಿಯೇ ತಿಳಿಯಬೇಕಾದ ಸಂಗತಿ. ನಮ್ಮ ಉದಾಹರಣೆಯ ಮನೆಯಲ್ಲಿ ಚಟ್ನಿಪುಡಿಗೆ ಶೇ 5ರ ತೆರಿಗೆ ಇದೆ, ಹಪ್ಪಳಕ್ಕೆ ತೆರಿಗೆಯೇ ಇಲ್ಲ. ಬರೀ ಹಪ್ಪಳ ಮಾರುವವರಿಗೆ ನೋಂದಣಿಯ ಹಂಗೇ ಇಲ್ಲ; ಎರಡನ್ನೂ ಮಾರುವವರಿಗೆ ಮಾತ್ರ 40 ಲಕ್ಷದ ಲೆಕ್ಕದಲ್ಲಿ ಹಪ್ಪಳದ ಮಾರಾಟವೂ ಸೇರುತ್ತದೆ. ನೋಂದಣಿಯಾದ ಮೇಲೆ ಬೆಲೆಯನ್ನು ತೆರಿಗೆ ಸೇರಿಸಿಯೇ ತೋರಿಸಬೇಕು. ಕಾಲು ಕಿಲೋ ಚಟ್ನಿಪುಡಿಗೆ 210 ರೂಪಾಯಿ ಎಂದರೆ ಸರಕಿನ ಬೆಲೆ 200, ತೆರಿಗೆ 10. ಈ ಹತ್ತು ರೂಪಾಯಿ ಮೈಸೂರಿನ ಗ್ರಾಹಕರ ಬಿಲ್ಲಿನಲ್ಲಿ ಕೇಂದ್ರಕ್ಕೆ 5, ರಾಜ್ಯಕ್ಕೆ 5 ಎಂದು ಎರಡಾಗಿಯೂ, ಹೊಸೂರಿನ ಗ್ರಾಹಕರ ಬಿಲ್ಲಿನಲ್ಲಿ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ಮಾರಾಟದ ಜಿಎಸ್‌ಟಿ, ಎಂದು ಒಂದಾಗಿಯೂ ಕಾಣಿಸಬೇಕು. ಅಂಗಡಿ ತಂತ್ರಾಂಶ ಇದನ್ನು ತಾನೇ ಮಾಡಬೇಕಾದರೆ ನಮ್ಮ ರಾಜ್ಯವನ್ನೂ ಪ್ರತಿ ಸರಕಿನ ದರವನ್ನೂ ಸರಕಿನ ಬಗೆ ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆಯನ್ನೂ ಸರಿಯಾಗಿ ತುಂಬಿರಬೇಕು. ಈ ಒಂದು ಪುಟವನ್ನು ತುಂಬುವಾಗ ಆಡಿಟರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಕ್ಕೆ ಆಗುವ ಖರ್ಚು ದಂಡವೆನಿಸದು.

ಅಂಗಡಿಯ ಪುಟ

ಇಲ್ಲಿ ಮೂರು ದಾರಿಗಳಿವೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇಂಥ ದೊಡ್ಡ ಸಂತೆಗಳಲ್ಲಿ ಜಾಗ ಹಿಡಿಯುವುದು ಮೊದಲನೆಯದು. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗೆ ಮಾತ್ರ ಇಂಥ ವೇದಿಕೆಗಳ ಮೂಲಕ ಸರಕು ಮಾರಲು ಅವಕಾಶವಾಗಿದೆ. ಅಲ್ಲಿ ಗ್ರಾಹಕರನ್ನು ಹುಡುಕುವ ಕಷ್ಟ ಕಡಿಮೆ, ಆದರೆ ಗ್ರಾಹಕರು ವೇದಿಕೆಯವರಾಗಿಯೇ ಉಳಿಯುತ್ತಾರೆ, ಕಮಿಷನ್ ಕಳೆದು ಉಳಿದದ್ದು ನಮ್ಮದು. ಶಾಪಿಫೈ, ದುಕಾನ್ ಇಂಥ ಸಿದ್ಧ ಅಂಗಡಿಗಳನ್ನು ಬಾಡಿಗೆಗೆ ಪಡೆಯುವುದು ಎರಡನೆಯದು. ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಕೂರಿಸಿ ಸ್ವಂತ ಅಂಗಡಿ ಕಟ್ಟುವುದು ಮೂರನೆಯದು. ತಂತ್ರಾಂಶ ಉಚಿತವಾದರೂ ಹೋಸ್ಟಿಂಗ್, ಭದ್ರತೆ, ಕಾಲಕಾಲದ ಅಪ್‌ಡೇಟ್ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಇಪ್ಪತ್ತು ಮೂವತ್ತು ಸರಕು ಇರುವ, ತಂತ್ರಜ್ಞಾನದ ಕೈಯಾಳು ಮನೆಯಲ್ಲಿಲ್ಲದ ಅಂಗಡಿಗೆ ಎರಡನೆಯದೇ ಸಾಕೆಂಬುದು ನನ್ನ ಅಭಿಪ್ರಾಯ. ಮನೆಯ ಮಕ್ಕಳು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆಂದು ಮೂರನೆಯದಕ್ಕೆ ಕೈಹಾಕುವವರು ದೀಪಾವಳಿಯ ಹಿಂದಿನ ರಾತ್ರಿ ತಾಣ ಕೆಟ್ಟು ನಿಂತರೆ ಆ ಮಕ್ಕಳು ಆಫೀಸಿನ ಕೆಲಸ ಬಿಟ್ಟು ಬರುವರೇ ಎಂದು ಮೊದಲು ಕೇಳಿಕೊಳ್ಳಲಿ.

ಯಾವ ದಾರಿ ಹಿಡಿದರೂ ಡೊಮೈನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ನಮ್ಮದೇ ಇಮೇಲ್, ನಮ್ಮದೇ ಫೋನ್ ಸಂಖ್ಯೆ ಕೊಟ್ಟು ನಮ್ಮ ಹೆಸರಿನಲ್ಲಿಯೇ ಕೊಳ್ಳಬೇಕು. ತಾಣ ಮಾಡಿಕೊಟ್ಟವರ ಹೆಸರಿನಲ್ಲಿ ಅದು ಉಳಿದರೆ, ಅವರು ಊರು ಬಿಟ್ಟಾಗ ಅಥವಾ ಮುನಿಸಿಕೊಂಡಾಗ ಅಂಗಡಿಯ ಹೆಸರಿನ ಬೀಗದಕೈ ಅವರ ಬಳಿಯೇ ಇರುತ್ತದೆ.

ಸರಕಿನ ಚಿತ್ರಗಳನ್ನು ಬೆಳಗಿನ ಹೊತ್ತು ಕಿಟಕಿಯ ಬಳಿ ಫೋನಿನಲ್ಲಿಯೇ ತೆಗೆಯಬಹುದು. ಪೊಟ್ಟಣದ ಹಿಂಬದಿಯ ಚೀಟಿ ಓದಲು ಬರುವಂಥ ಒಂದು ಚಿತ್ರ ಇರಲೇಬೇಕು. ಆ ಚೀಟಿಯಲ್ಲಿ ಏನೇನಿರಬೇಕೆಂಬುದನ್ನು ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ ಅಳತೆಯ ಕಾನೂನಿನ, 2011ರ ಪೊಟ್ಟಣ ನಿಯಮಗಳು ಮತ್ತು ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ: ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಾದ ದಿನ, ಎಷ್ಟು ಕಾಲ ಬಳಸಬಹುದು, ಬಳಸಿದ ಪದಾರ್ಥಗಳು, ಸಸ್ಯಾಹಾರದ ಹಸಿರು ಚಿಹ್ನೆ, ದೂರಿಗೆ ಫೋನ್ ಸಂಖ್ಯೆ. ಇವುಗಳಲ್ಲಿ ಬೆಲೆ, ತೂಕ, ತಯಾರಕರ ವಿಳಾಸದಂಥ ವಿವರಗಳು ಜಾಲತಾಣದ ಪುಟದಲ್ಲಿಯೂ ಇರಬೇಕು. ಚಟ್ನಿಪುಡಿಯಲ್ಲಿ ಕಡಲೆಬೀಜ ಇದೆಯೇ, ಇಂಗು ಹಾಕಿದೆಯೇ, ಬೆಳ್ಳುಳ್ಳಿ ಇದೆಯೇ ಎಂದು ಕೇಳಿ ಬರುವ ಫೋನ್ ಕರೆಗಳು ಈ ವಿವರ ಬರೆದ ಮೇಲೆ ತಾವಾಗಿಯೇ ಕಡಿಮೆಯಾಗುತ್ತವೆ.

ಗ್ರಾಹಕರ ರಕ್ಷಣೆಗೆಂದು 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ಸಂಪರ್ಕ ವಿವರದ ಜೊತೆಗೆ ಕುಂದುಕೊರತೆ ಆಲಿಸುವ ಅಧಿಕಾರಿಯೊಬ್ಬರ ಹೆಸರನ್ನೂ ತಾಣದಲ್ಲಿ ಪ್ರಕಟಿಸಬೇಕು. ಮನೆಯ ಅಂಗಡಿಯಲ್ಲಿ ಆ ಅಧಿಕಾರಿ ಮನೆಯವರೇ ಆಗಿರುತ್ತಾರೆ, ಅದರಲ್ಲಿ ತಪ್ಪಿಲ್ಲ. ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದರ ಜೊತೆಗೆ ಹಣ ಮರಳಿಸುವ ಷರತ್ತು, ಕಳುಹಿಸುವ ಅವಧಿ, ಗೋಪ್ಯತೆಯ ನೀತಿ ಮತ್ತು ಮಾರಾಟದ ನಿಬಂಧನೆಗಳಿಗೆ ಒಂದೊಂದು ಪುಟ ಬೇಕು. ಬೇರೆ ತಾಣದಿಂದ ನಕಲು ಮಾಡಿ ಅಂಟಿಸುವುದು ಬೇಡ. ತಿಂಡಿ ಪೊಟ್ಟಣವನ್ನು ಮೂವತ್ತು ದಿನದೊಳಗೆ ಮರಳಿಸಬಹುದೆಂಬ ಬಟ್ಟೆ ಅಂಗಡಿಯ ಷರತ್ತು ನಮ್ಮ ತಾಣದಲ್ಲಿ ಕಾಣಿಸಿದರೆ ಅದಕ್ಕೆ ನಾವೇ ಬದ್ಧರು. ಒಡೆದ ಅಥವಾ ಕೆಟ್ಟ ಪೊಟ್ಟಣ ತಲುಪಿದರೆ ಎಷ್ಟು ಗಂಟೆಯೊಳಗೆ ಚಿತ್ರ ಕಳುಹಿಸಬೇಕು, ಹಣ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದನ್ನು ನೇರವಾಗಿ ಬರೆದರೆ ಸಾಕು. ಈ ಪುಟಗಳಿಗೆ ಇನ್ನೂ ಒಂದು ಉಪಯೋಗವಿದೆ: ಪಾವತಿ ಸೇವೆ ಕೊಡುವ ಕಂಪನಿಗಳು ನಮ್ಮ ಅರ್ಜಿ ಒಪ್ಪುವ ಮುನ್ನ ತಾಣಕ್ಕೆ ಬಂದು ಮೊದಲು ನೋಡುವುದು ಇವನ್ನೇ.

ಹಣ ಪಡೆಯುವ ದಾರಿಗಳು

ಸರಳವಾದದ್ದು ಯುಪಿಐ ಕ್ಯೂಆರ್. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಎಂಡಿಆರ್, ಅಂದರೆ ಪ್ರತಿ ಪಾವತಿಯಲ್ಲಿ ಬ್ಯಾಂಕ್ ಕಳೆದುಕೊಳ್ಳುವ ಶುಲ್ಕ, ಪಡೆಯುವಂತಿಲ್ಲವಾದ್ದರಿಂದ ಗ್ರಾಹಕರು ಕೊಟ್ಟ 480 ರೂಪಾಯಿ 480 ಆಗಿಯೇ ಬರುತ್ತದೆ. ಬ್ಯಾಂಕಿನಿಂದ ಅಥವಾ ಯುಪಿಐ ಆ್ಯಪ್‌ನ ವ್ಯಾಪಾರಿ ವಿಭಾಗದಿಂದ ಅಂಗಡಿಯ ಹೆಸರಿನಲ್ಲಿಯೇ ಕ್ಯೂಆರ್ ಪಡೆದುಕೊಳ್ಳಬೇಕು, ಮನೆಯವರ ಸ್ವಂತ ಯುಪಿಐ ಐಡಿ ಬಳಸಬಾರದು. ಇದರ ಕೊರತೆಯೆಂದರೆ ಹಣ ಮತ್ತು ಆರ್ಡರ್ ಎರಡೂ ಬೇರೆ ಬೇರೆ ಬಾಗಿಲಿನಿಂದ ಬರುತ್ತವೆ, ಹೊಂದಿಸುವ ಕೆಲಸ ಕೈಯಿಂದಲೇ ಆಗಬೇಕು. ಒಂದೇ ದಿನ ಮೂವರು 210 ರೂಪಾಯಿ ಕಳುಹಿಸಿದರೆ ಯಾವುದು ಯಾರದೆಂದು ತಿಳಿಯಲು ಪ್ರತಿ ಪಾವತಿಗೂ ಇರುವ 12 ಅಂಕಿಗಳ ಯುಟಿಆರ್ ಸಂಖ್ಯೆಯನ್ನೇ ಕೇಳಿ ಪಡೆಯಬೇಕು. ಗ್ರಾಹಕರು ಕಳುಹಿಸುವ ಸ್ಕ್ರೀನ್‌ಶಾಟ್ ಪುರಾವೆಯಲ್ಲ. ಪಾವತಿಯಾದಂತೆ ತೋರಿಸುವ ನಕಲಿ ಚಿತ್ರ ತಯಾರಿಸುವುದು ಈಗ ಮಕ್ಕಳಾಟ. ನಮ್ಮ ಖಾತೆಯಲ್ಲಿ ಹಣ ಕಾಣಿಸಿದ ಮೇಲೆಯೇ ಪೊಟ್ಟಣ ಕಟ್ಟಬೇಕು.

ಆರ್ಡರ್‌ಗಳ ಸಂಖ್ಯೆ ಹೆಚ್ಚಿದಾಗ ಪೇಮೆಂಟ್ ಗೇಟ್‌ವೇ ಬೇಕಾಗುತ್ತದೆ. ಗ್ರಾಹಕರಿಂದ ಹಣ ಸಂಗ್ರಹಿಸಿ ನಮಗೆ ಒಪ್ಪಿಸುವ ಇಂಥ ಕಂಪನಿಗಳನ್ನು ರಿಸರ್ವ್ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್ ಎಂದು ಗುರುತಿಸಿ, 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಮೂಲಕ ಬ್ಯಾಂಕೇತರ ಕಂಪನಿಗಳಿಗೆ ಅನುಮತಿಯನ್ನು ಕಡ್ಡಾಯಗೊಳಿಸಿತು. ರೇಜರ್‌ಪೇ, ಕ್ಯಾಶ್‌ಫ್ರೀ, ಫೋನ್‌ಪೇ ಈ ಮೂರೂ ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿ ಇರುವ ಕಂಪನಿಗಳು. ಊರಿನವೆಂಬ ಅಭಿಮಾನಕ್ಕಿಂತ ರಿಸರ್ವ್ ಬ್ಯಾಂಕಿನ ತಾಣದಲ್ಲಿರುವ ಅನುಮತಿ ಪಡೆದವರ ಪಟ್ಟಿಯಲ್ಲಿ ಹೆಸರಿದೆಯೇ, ನಮ್ಮ ಅಂಗಡಿ ತಂತ್ರಾಂಶಕ್ಕೆ ನೇರವಾಗಿ ಹೊಂದಿಕೊಳ್ಳುತ್ತದೆಯೇ, ತೊಂದರೆಯಾದರೆ ಫೋನ್ ಎತ್ತುವವರಿದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಆರಿಸುವುದು ಮೇಲು. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಉದ್ಯಮ್ ಅಥವಾ ಜಿಎಸ್‌ಟಿ ಪತ್ರ, ತಿಂಡಿಯಾದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಇವೆಲ್ಲದರಲ್ಲಿಯೂ ಹೆಸರು ಒಂದೇ ರೀತಿ ಬರೆದಿದೆಯೇ ನೋಡಿಕೊಳ್ಳಿ. ಪ್ಯಾನ್‌ನಲ್ಲಿ ತಂದೆಯ ಹೆಸರು ಬಿಡಿಸಿ ಬರೆದು, ಬ್ಯಾಂಕಿನಲ್ಲಿ ಅದೇ ಹೆಸರು ಬರೀ ಇನಿಷಿಯಲ್ ಆಗಿರುವುದು ನಮ್ಮ ಕಡೆ ಬಹಳ ಸಾಮಾನ್ಯ. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಂಥ ಕಡೆಯೇ.

ಗೇಟ್‌ವೇ ಮೂಲಕ ಬಂದ ಹಣ ಆ ಕ್ಷಣವೇ ನಮ್ಮದಾಗುವುದಿಲ್ಲ. ಗ್ರಾಹಕರ ಬ್ಯಾಂಕಿನಿಂದ ಹೊರಟ ಹಣ ಅಗ್ರಿಗೇಟರ್ ಇತರರ ಹಣವನ್ನು ಪ್ರತ್ಯೇಕವಾಗಿ ಕಾದಿಡುವ ಎಸ್ಕ್ರೊ ಖಾತೆಯಲ್ಲಿ ನಿಂತು, ಶುಲ್ಕ ಕಳೆದು, ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ ನಮ್ಮ ಖಾತೆಗೆ ಬರುತ್ತದೆ. ಶುಲ್ಕ ಹೆಚ್ಚಿನ ಕಡೆ ಸುಮಾರು ಶೇ 2, ಅದರ ಮೇಲೆ ಶೇ 18ರ ಜಿಎಸ್‌ಟಿ. ಎರಡು ಚಟ್ನಿಪುಡಿ ಪೊಟ್ಟಣಕ್ಕೆ 420, ಕಳುಹಿಸುವ ವೆಚ್ಚ 60, ಒಟ್ಟು 480 ರೂಪಾಯಿಯ ಆರ್ಡರ್‌ನಲ್ಲಿ ಶುಲ್ಕ 9.60, ಅದರ ತೆರಿಗೆ 1.73, ನಮ್ಮ ಖಾತೆಗೆ ಬರುವುದು 468.67. ಯುಪಿಐಗೆ ಎಂಡಿಆರ್ ಇಲ್ಲದಿದ್ದರೂ ಗೇಟ್‌ವೇಗಳು ವೇದಿಕೆ ಶುಲ್ಕವೆಂದು ಅದರ ಮೇಲೂ ಪಡೆಯುವುದುಂಟು, ಆದ್ದರಿಂದ ಕರಾರಿನಲ್ಲಿ ಯುಪಿಐ, ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್‌ಗಳ ದರವನ್ನು ಬೇರೆ ಬೇರೆಯಾಗಿ ಓದಬೇಕು. ಗ್ರಾಹಕರಿಗೆ ಹಣ ಮರಳಿಸಿದರೂ ಶುಲ್ಕ ಸಾಮಾನ್ಯವಾಗಿ ಮರಳುವುದಿಲ್ಲ. ಎರಡು ದಿನದ ಅಂತರವೂ ಲೆಕ್ಕಕ್ಕೆ ಬರುತ್ತದೆ: ಎರಡನೇ ಶನಿವಾರದ ಹಿಂದಿನ ಶುಕ್ರವಾರ ಬಂದ ಆರ್ಡರ್‌ಗಳ ಹಣ ಕೈಸೇರುವ ಹೊತ್ತಿಗೆ ಮಂಗಳವಾರ ಆಗಿರುತ್ತದೆ, ಬ್ಯಾಡಗಿ ಮೆಣಸಿನಕಾಯಿಯನ್ನೂ ಕೊಬ್ಬರಿಯನ್ನೂ ಅದಕ್ಕೂ ಮೊದಲೇ ತರಬೇಕಾಗುತ್ತದೆ. ಗೌರಿ ಗಣೇಶ, ದಸರೆಯ ವಾರಗಳಲ್ಲಿ ಇಷ್ಟು ದಿನದ ಬಂಡವಾಳವನ್ನು ಬೇರೆಯೇ ಇಟ್ಟುಕೊಂಡಿರಬೇಕು.

ಗೇಟ್‌ವೇ ಜೋಡಿಸುವಾಗ ನಮ್ಮ ತಾಣವನ್ನು ಅದು ಗುರುತಿಸಲು ಎರಡು ಜೊತೆ ಕೀಲಿಸಂಖ್ಯೆಗಳು ಸಿಗುತ್ತವೆ, ಒಂದು ಪರೀಕ್ಷೆಗೆ, ಇನ್ನೊಂದು ನಿಜವಾದ ವಹಿವಾಟಿಗೆ. ಪರೀಕ್ಷಾ ಕೀಲಿ ಹಾಕಿದಾಗ ಹಣ ನಿಜವಾಗಿ ಕದಲುವುದಿಲ್ಲ, ಆದರೆ ಎಲ್ಲ ಹೆಜ್ಜೆಗಳನ್ನೂ ನಡೆಸಿ ನೋಡಬಹುದು. ಪ್ರತಿ ಜೊತೆಯಲ್ಲಿರುವ ಗುಪ್ತ ಕೀಲಿಯನ್ನು ವಾಟ್ಸ್ಆ್ಯಪ್‌ನಲ್ಲಿ ಯಾರಿಗೂ ಕಳುಹಿಸಬಾರದು. ತಾಣ ಮಾಡಿಕೊಡುವವರಿಗೆ ಕೊಡಲೇಬೇಕಾದರೆ ಕೆಲಸ ಮುಗಿದ ಮೇಲೆ ಹೊಸ ಕೀಲಿ ತೆಗೆದುಕೊಂಡು ಹಳೆಯದನ್ನು ರದ್ದು ಮಾಡಬೇಕು.

ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆಯೊಂದು ಇದೆ, ಅದು ವೆಬ್‌ಹುಕ್. ಗ್ರಾಹಕರೊಬ್ಬರು ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ ನಿಂತು ಆರ್ಡರ್ ಮಾಡುತ್ತಾರೆ, ಯುಪಿಐ ಪಿನ್ ಒತ್ತುತ್ತಾರೆ, ಬ್ಯಾಂಕಿನಿಂದ ಹಣ ಹೋಗುತ್ತದೆ, ಅಷ್ಟರಲ್ಲಿ ನೆಟ್‌ವರ್ಕ್ ಕಡಿದು ಅವರ ಫೋನ್ ನಮ್ಮ ತಾಣಕ್ಕೆ ಮರಳುವುದೇ ಇಲ್ಲ. ತಾಣದ ದಾಖಲೆಯಲ್ಲಿ ಆ ಆರ್ಡರ್ ಪಾವತಿಯಾಗಿಲ್ಲವೆಂದೇ ಉಳಿಯುತ್ತದೆ, ಗ್ರಾಹಕರ ಬಳಿ ಮಾತ್ರ ಹಣ ಕಡಿತವಾದ ಎಸ್‌ಎಂಎಸ್ ಇರುತ್ತದೆ. ವೆಬ್‌ಹುಕ್ ಇದ್ದರೆ ಗ್ರಾಹಕರ ಫೋನಿನ ಹಂಗಿಲ್ಲದೆ ಗೇಟ್‌ವೇ ತಾನೇ ನಮ್ಮ ತಾಣಕ್ಕೆ ಪಾವತಿಯ ಸುದ್ದಿ ಮುಟ್ಟಿಸುತ್ತದೆ. ಸಿದ್ಧ ಅಂಗಡಿಗಳಲ್ಲಿ ಇದು ತಾನಾಗಿಯೇ ಜೋಡಿಸಿಕೊಂಡಿರುವುದುಂಟು. ವೂಕಾಮರ್ಸ್‌ನಂಥ ಕಡೆ ಗೇಟ್‌ವೇಯ ಡ್ಯಾಶ್‌ಬೋರ್ಡ್‌ಗೆ ಹೋಗಿ ನಮ್ಮ ತಾಣದ ವಿಳಾಸ ಕೊಟ್ಟು ಜೋಡಿಸಬೇಕಾಗಬಹುದು. ಹಣ ಕಡಿತವಾಗಿಯೂ ನಮ್ಮ ಕಡೆಗೆ ದೃಢೀಕರಣ ಬಾರದೇ ಹೋದ ಪ್ರಸಂಗದಲ್ಲಿ ಗ್ರಾಹಕರಿಗೆ ಹೇಳಬೇಕಾದದ್ದೂ ಸ್ಪಷ್ಟವಾಗಿದೆ: ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ವ್ಯಾಪಾರಿಗೆ ಮಾಡಿದ ಇಂಥ ವಿಫಲ ಯುಪಿಐ ಪಾವತಿ ವಹಿವಾಟಿನ ದಿನದಿಂದ ಐದು ದಿನದೊಳಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕು. ಗಾಬರಿಗೊಂಡ ಗ್ರಾಹಕರನ್ನು ಸಮಾಧಾನಪಡಿಸಲು ಈ ಒಂದು ಮಾತು ಸಾಕಾಗುತ್ತದೆ.

ಕಾರ್ಡ್ ಸಂಖ್ಯೆಗಳನ್ನು ನಾವು ಎಲ್ಲಿಯೂ ಬರೆದಿಟ್ಟುಕೊಳ್ಳುವಂತಿಲ್ಲ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ವಿವರ ಉಳಿಸಿಕೊಳ್ಳುವುದು ನಿಂತಿದೆ, ಅದರ ಬದಲು ಕಾರ್ಡ್ ಸಂಖ್ಯೆಯ ಜಾಗದಲ್ಲಿ ಬೇರೊಂದು ಸಂಕೇತ ಬಳಸುವ ಟೋಕನ್ ವ್ಯವಸ್ಥೆ ಬಂದಿದೆ. ಫೋನಿನಲ್ಲಿ ಕಾರ್ಡ್ ಸಂಖ್ಯೆ ಓದಿ ಹೇಳುವ ಹಿರಿಯರಿದ್ದರೆ ನಯವಾಗಿ ತಡೆದು, ಅವರಿಗೆ ಗೇಟ್‌ವೇಯ ಪೇಮೆಂಟ್ ಲಿಂಕ್ ಕಳುಹಿಸಬೇಕು.

ಮನೆಬಾಗಿಲಿನಲ್ಲಿ ನಗದು ಪಡೆಯುವ ಸೌಲಭ್ಯದ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ಆರಂಭದಲ್ಲಿ ಬೇಡ. ಬಾಗಿಲಲ್ಲಿ ಬೇಡವೆಂದ ಪೊಟ್ಟಣಕ್ಕೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮದೇ, ಮರಳಿ ಬಂದ ತಿಂಡಿಯನ್ನು ಮತ್ತೊಬ್ಬರಿಗೆ ಮಾರುವಂತೆಯೂ ಇಲ್ಲ.

ಕಳುಹಿಸುವುದು

ಕೊರಿಯರ್ ದರ ತೂಕದ ಮೇಲೆ ಎಂದುಕೊಂಡು ಬೆಲೆ ನಿಗದಿ ಮಾಡಿದವರಿಗೆ ಮೊದಲ ತಿಂಗಳ ಬಿಲ್ ಅಚ್ಚರಿ ತರುತ್ತದೆ. ಕೊರಿಯರ್ ಕಂಪನಿಗಳು ಪೊಟ್ಟಣದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದ ಗಾತ್ರದ ತೂಕವನ್ನೂ ನಿಜವಾದ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. ಹಪ್ಪಳ ಮುರಿಯಬಾರದೆಂದು 30, 20, 15 ಅಳತೆಯ ರಟ್ಟಿನ ಪೆಟ್ಟಿಗೆ ಬಳಸಿದರೆ ಒಳಗಿರುವುದು ಮುಕ್ಕಾಲು ಕಿಲೋ ಆದರೂ ಬಿಲ್ಲಿಗೆ ಬೀಳುವುದು 1.8 ಕಿಲೋ. ಅದೇ ಸರಕು 20, 15, 10ರ ಪೆಟ್ಟಿಗೆಯಲ್ಲಿ ಹಿಡಿಸಿದರೆ ಗಾತ್ರದ ತೂಕ 0.6 ಕಿಲೋ, ದರ ನಿಜವಾದ ತೂಕಕ್ಕೆ ಮಾತ್ರ. ಆದ್ದರಿಂದ ಸರಕಿಗೆ ತಕ್ಕ ಎರಡು ಅಳತೆಯ ಪೆಟ್ಟಿಗೆಗಳನ್ನು ಗೊತ್ತು ಮಾಡಿ, ಚಿಕ್ಕಪೇಟೆ, ಮಾಮೂಲ್‌ಪೇಟೆಯ ಸಗಟು ಅಂಗಡಿಗಳಲ್ಲಿ ವಿಚಾರಿಸಿ ಒಟ್ಟಿಗೆ ತರಿಸಿಕೊಳ್ಳಬೇಕು. ಮಳೆಗಾಲಕ್ಕೆ ಪುಡಿಗಳ ಪೊಟ್ಟಣದ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ.

ನಗರದೊಳಗಿನ ತುರ್ತು ಆರ್ಡರ್‌ಗಳಿಗೆ ಪೋರ್ಟರ್‌ನಂಥ ಬೈಕ್ ಸೇವೆ, ಹೊರಗಿನವಕ್ಕೆ ಕೊರಿಯರ್, ಕೊರಿಯರ್ ಹೋಗದ ಹಳ್ಳಿಗಳಿಗೆ ಸ್ಪೀಡ್ ಪೋಸ್ಟ್ ಎಂದು ಹಂಚಿಕೊಳ್ಳಬಹುದು. ಬೇರೆ ಬೇರೆ ಕೊರಿಯರ್‌ಗಳನ್ನು ಒಂದೇ ಕಡೆ ಸೇರಿಸಿ ದರ ತೋರಿಸುವ ಶಿಪ್‌ರಾಕೆಟ್‌ನಂಥ ಸೇವೆಗಳು ಮನೆಯಿಂದಲೇ ಪಿಕಪ್ ಮಾಡಿಸುತ್ತವೆ. ಕಟ್ಟಿದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಕಾಣುವಂತೆ ಒಂದು ಚಿತ್ರ ತೆಗೆದಿಟ್ಟುಕೊಂಡರೆ ತೂಕದ ತಕರಾರು ಬಂದಾಗ ತೋರಿಸಲು ಆಗುತ್ತದೆ.

ಲೆಕ್ಕ ತಾಳೆ ಮತ್ತು ಮೋಸ

ವಾರಕ್ಕೊಮ್ಮೆ, ತಪ್ಪದೆ, ಮೂರು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತಾಳೆ ನೋಡಬೇಕು: ಅಂಗಡಿಯ ಆರ್ಡರ್ ಪಟ್ಟಿ, ಗೇಟ್‌ವೇಯ ಸೆಟ್ಲ್‌ಮೆಂಟ್ ವರದಿ, ಬ್ಯಾಂಕ್ ಸ್ಟೇಟ್‌ಮೆಂಟ್. ಬ್ಯಾಂಕಿಗೆ ಒಂದು ದಿನದ ಹತ್ತಾರು ಆರ್ಡರ್‌ಗಳ ಹಣ ಶುಲ್ಕ ಕಳೆದು ಒಂದೇ ಮೊತ್ತವಾಗಿ ಬರುವುದರಿಂದ ನಡುವಿನ ವರದಿ ಇಲ್ಲದೆ ತಾಳೆಯಾಗುವುದಿಲ್ಲ. ಇಲ್ಲಿ ನೆನಪಿಡಬೇಕಾದದ್ದೇನೆಂದರೆ ಮಾರಾಟದ ಲೆಕ್ಕ 480ಕ್ಕೇ ಬರೆಯಬೇಕು, 468.67ಕ್ಕಲ್ಲ. ಶುಲ್ಕವಾದ 11.33 ಖರ್ಚಿನ ಬದಿಗೆ ಹೋಗುತ್ತದೆ, ಜಿಎಸ್‌ಟಿ ನೋಂದಣಿ ಇರುವವರು ಅದರಲ್ಲಿನ 1.73ಕ್ಕೆ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಕೇಳಬಹುದು. ಆದಾಯ ತೆರಿಗೆಯ ಅಂದಾಜು ಲಾಭದ ಯೋಜನೆಯಲ್ಲಿ ನಗದು ಮಾರಾಟಕ್ಕೆ ಶೇ 8, ಬ್ಯಾಂಕ್ ಮತ್ತು ಡಿಜಿಟಲ್ ಮೂಲಕ ಬಂದದ್ದಕ್ಕೆ ಶೇ 6 ಲಾಭವೆಂದು ಹಿಡಿಯುತ್ತಾರೆ. ಖಾತೆಯ ಮೂಲಕವೇ ವ್ಯಾಪಾರ ಮಾಡುವವರಿಗೆ ಸಿಗುವ ಸಣ್ಣ ಅನುಕೂಲ ಇದು.

ಮೋಸಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವವು ಎರಡು. ದೊಡ್ಡ ಆರ್ಡರ್ ಕೊಡುತ್ತೇನೆಂದು ಫೋನ್ ಮಾಡಿ, ಮುಂಗಡ ಕಳುಹಿಸುವ ನೆಪದಲ್ಲಿ ಕ್ಯೂಆರ್ ಕಳುಹಿಸಿ ಸ್ಕ್ಯಾನ್ ಮಾಡಲು ಹೇಳುವುದು ಒಂದು. ಹಣ ಪಡೆಯಲು ಸ್ಕ್ಯಾನ್ ಮಾಡುವ, ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಿನ್ ಕೇಳಿತೆಂದರೆ ಹಣ ಹೋಗುವುದು ನಮ್ಮಿಂದಲೇ. ಇನ್ನೊಂದು, ತಪ್ಪಿ ಹೆಚ್ಚು ಹಣ ಹಾಕಿಬಿಟ್ಟೆ, ಉಳಿದದ್ದನ್ನು ಈ ಸಂಖ್ಯೆಗೆ ಮರಳಿಸಿ ಎಂಬ ಅವಸರದ ಕರೆ. ಹಣ ನಿಜವಾಗಿ ಬಂದಿದೆಯೇ ಎಂದು ಖಾತೆಯಲ್ಲಿ ನೋಡಿ, ಬಂದಿದ್ದರೆ ಗೇಟ್‌ವೇಯ ರಿಫಂಡ್ ಗುಂಡಿಯ ಮೂಲಕ ಬಂದ ದಾರಿಯಲ್ಲಿಯೇ ಮರಳಿಸಬೇಕು, ಬೇರೆ ಸಂಖ್ಯೆಗೆ ಎಂದೂ ಕಳುಹಿಸಬಾರದು. ಹಣ ಕಳೆದುಕೊಂಡದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುವುದು ಮೊದಲ ಗಂಟೆಗಳಲ್ಲಿಯೇ.

ತೆರೆಯುವ ಮುನ್ನ

ಪರೀಕ್ಷಾ ಕೀಲಿ ತೆಗೆದು ನಿಜವಾದ ಕೀಲಿ ಹಾಕಿದ ದಿನ ಊರಿಗೆಲ್ಲ ಸಾರಬೇಡಿ. ಹತ್ತು ರೂಪಾಯಿಯ ಒಂದು ಸರಕನ್ನು ತಾಣದಲ್ಲಿ ಸೇರಿಸಿ, ಮನೆಯವರಲ್ಲದ ಒಬ್ಬರ ಫೋನಿನಿಂದ ಅವರಿಗೇ ಆರ್ಡರ್ ಮಾಡಲು ಹೇಳಿ, ಪಕ್ಕದಲ್ಲಿ ಕೂತು ಬಾಯಿ ತೆರೆಯದೆ ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಾಣ ತಿದ್ದಬೇಕು. ಯುಪಿಐನಿಂದ ಒಮ್ಮೆ, ಕಾರ್ಡಿನಿಂದ ಒಮ್ಮೆ, ಪಾವತಿಯ ನಡುವೆ ಇಂಟರ್ನೆಟ್ ಆಫ್ ಮಾಡಿ ಇನ್ನೊಮ್ಮೆ ಮಾಡಿಸಿ, ಆರ್ಡರ್ ಮೂರು ಸಲವೂ ದಾಖಲಾಯಿತೇ, ಬಿಲ್ ಇಮೇಲ್‌ಗೆ ಬಂತೇ, ತೆರಿಗೆ ಸರಿಯಾಗಿ ಬಿಡಿಸಿಕೊಂಡಿದೆಯೇ ನೋಡಿಕೊಳ್ಳಿ. ಹೊಸೂರಿನ 635109 ಪಿನ್‌ಕೋಡ್ ಹಾಕಿದಾಗ ತಾಣ ಏನು ಹೇಳುತ್ತದೆಂಬುದನ್ನೂ ಪರೀಕ್ಷಿಸಿ. ಒಂದು ಆರ್ಡರ್ ರದ್ದು ಮಾಡಿ ಹಣ ಮರಳಿಸಿ, ಅದು ಎಷ್ಟು ದಿನಕ್ಕೆ ತಲುಪಿತೆಂದು ಅವರನ್ನೇ ಕೇಳಿ, ರಿಫಂಡ್ ಪುಟದಲ್ಲಿ ಬರೆದ ಅವಧಿ ಅದಕ್ಕೆ ಹೊಂದದಿದ್ದರೆ ತಿದ್ದಿ. ಉಳಿದ ಎರಡು ಆರ್ಡರ್‌ಗಳ ಹಣ ಬ್ಯಾಂಕಿಗೆ ಬಂದು, ಸೆಟ್ಲ್‌ಮೆಂಟ್ ವರದಿಯೊಡನೆ ಪೈಸೆಯವರೆಗೂ ತಾಳೆಯಾದ ಮೇಲೆ ಅಪಾರ್ಟ್‌ಮೆಂಟ್‌ನ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂಗಡಿಯ ಕೊಂಡಿ ಹಾಕಬಹುದು.